ತಂತಿ ಯಾರದೋ, ಕೀಲಿ ನಮ್ಮದು

08482 ಬೀದರ, 08484 ಭಾಲ್ಕಿ, 08485 ಔರಾದ. ನನ್ನ ವಯಸ್ಸಿನ ಕಂಪ್ಯೂಟರ್ ರಿಪೇರಿಯವರಿಗೆ ಈ ಮೂರು ಎಸ್‌ಟಿಡಿ ಕೋಡುಗಳು ಮನೆಯವರ ಹುಟ್ಟಿದ ದಿನಕ್ಕಿಂತ ಚೆನ್ನಾಗಿ ನೆನಪಿವೆ. ಊರಿಗೊಂದು ಕೋಡು ಇತ್ತು ಎನ್ನುವುದೇ ಈಗಿನ ಹುಡುಗರಿಗೆ ಗೊತ್ತಿಲ್ಲ. ಆದರೆ ನಮ್ಮ ಜಿಲ್ಲೆಯಲ್ಲಿ ಒಂದು ಕಸುಬು ಹುಟ್ಟಿದ್ದು ಈ ಮೂರು ಅಂಕಿಗಳ ನಡುವಿನ ದೂರದಿಂದ. ಬೀದರದ ಹೆಡ್ಡಾಫೀಸಿಗೂ ಭಾಲ್ಕಿ, ಔರಾದದ ಶಾಖೆಗಳಿಗೂ ನಡುವೆ ಲೆಕ್ಕಪತ್ರ ಬೇರೆಯವರ ಕಣ್ಣಿಗೆ ಬೀಳದಂತೆ ಓಡಾಡಿಸುವ ಕಸುಬು ಅದು. ಪುಸ್ತಕದಲ್ಲಿ ಅದರ ಹೆಸರು ವಿಪಿಎನ್. ನಾವು ಟನಲ್ ಎನ್ನುತ್ತಿದ್ದೆವು. ಗಿರಾಕಿಗಳಿಗೆ ಅದು ಬರೀ ಲೈನು. ಅದು ಕೆಟ್ಟಾಗ ಮಾತ್ರ ನಾವು ನೆನಪಾಗುತ್ತಿದ್ದೆವು: “ಅಣ್ಣೋರ, ಲೈನ್ ಹೋಗ್ಯಾದ್ರಿ, ಜಲ್ದಿ ನೋಡ್ರಿ.”

ಅದಕ್ಕೂ ಮೊದಲು ಈ ದೂರವನ್ನು ದಾಟಿಸುತ್ತಿದ್ದುದು ಬಸ್ಸು. ಔರಾದದ ಶಾಖೆಯ ದಿನದ ವಹಿವಾಟು ಒಂದು ಫ್ಲಾಪಿಯಲ್ಲಿ ತುಂಬುತ್ತಿತ್ತು. ಅದನ್ನು ಖಾಕಿ ಲಕೋಟೆಗೆ ಹಾಕಿ, ಬಾಯಿಗೆ ಅರಗು ಒತ್ತಿ, ಸಂಜೆ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದರು. ಬೀದರ ಬಸ್‌ಸ್ಟ್ಯಾಂಡಿನಲ್ಲಿ ಹೆಡ್ಡಾಫೀಸಿನ ಹುಡುಗ ಕಾಯುತ್ತ ನಿಂತಿರುತ್ತಿದ್ದ. ಭಾಲ್ಕಿಗೆ ರೈಲಾದರೂ ಇದೆ. ಔರಾದಕ್ಕೆ ಹಳಿಯೇ ಇಲ್ಲ. ಆ ಅರಗಿನ ಮೇಲೆ ಒತ್ತಿದ ಹಿತ್ತಾಳೆ ಮುದ್ರೆಯನ್ನು ಮ್ಯಾನೇಜರ್ ತಿಜೋರಿಯಲ್ಲಿ ಇಡಬೇಕೆಂಬುದು ನಿಯಮ. ಇರುತ್ತಿದ್ದುದು ಮೇಜಿನ ಮೇಲೆ, ಗುಂಡುಪಿನ್ನುಗಳ ಡಬ್ಬಿಯಲ್ಲಿ.

ಸರಕಾರದ ದಾರಿ ಬೇರೆಯೇ ಇತ್ತು. ಅವರಿಗೆ ತಂತಿ ಬೇಕಿರಲಿಲ್ಲ, ಆಕಾಶ ಇತ್ತು. 1980ರ ದಶಕದ ಕೊನೆಯ ಹೊತ್ತಿಗೆ ರಾಷ್ಟ್ರೀಯ ಮಾಹಿತಿ ಕೇಂದ್ರದವರ ನಿಕ್‌ನೆಟ್ ಉಪಗ್ರಹದ ಮೂಲಕ ದೇಶದ ಜಿಲ್ಲಾ ಕೇಂದ್ರಗಳನ್ನು ಜೋಡಿಸತೊಡಗಿತು. ತಾಲ್ಲೂಕಿನ ಜನಕ್ಕೆ ಕಂಪ್ಯೂಟರ್ ಮುಖಾಮುಖಿಯಾದದ್ದು ಮಾತ್ರ ಭೂಮಿ ಯೋಜನೆಯಲ್ಲಿ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಅದು 2002ರ ಹೊತ್ತಿಗೆ ರಾಜ್ಯದ 177 ತಾಲ್ಲೂಕುಗಳನ್ನೂ ಮುಟ್ಟಿತು. ಔರಾದದ ತಹಸೀಲಿನಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಪ್ರಿಂಟಾಗಿ ಬರತೊಡಗಿತು. ನಮ್ಮ ಕಡೆ ಇದು ಸಣ್ಣ ಮಾತಲ್ಲ. ಹೈದರಾಬಾದ್ ಸಂಸ್ಥಾನದ ಕಂದಾಯ ಕಾಗದಗಳು ಉರ್ದುವಿನಲ್ಲಿದ್ದವು. ಖಾಸ್ರಾ ಪಹಣಿ ಓದಿಸಲು ರೈತ ಹಳೆ ಮುನ್ಶಿಯನ್ನು ಹುಡುಕಿಕೊಂಡು ಹೋಗಬೇಕಿತ್ತು. ಭೂಮಿಯಲ್ಲಿ ಇನ್ನೊಂದು ವಿಶೇಷವಿತ್ತು: ಹಕ್ಕು ಬದಲಾವಣೆ ಮಾಡುವ ಸಿಬ್ಬಂದಿ ಪಾಸ್‌ವರ್ಡ್ ಹೊಡೆದು ಒಳಗೆ ಹೋಗುವ ಹಾಗಿರಲಿಲ್ಲ, ಹೆಬ್ಬೆರಳು ಒತ್ತಬೇಕು. ಪಾಸ್‌ವರ್ಡನ್ನು ಪಕ್ಕದವನಿಗೆ ಹೇಳಬಹುದು, ಬೆರಳನ್ನು ಕಡ ಕೊಡಲಾಗದು. ಈ ಎಚ್ಚರ ಆ ಕಾಲಕ್ಕೆ ದೊಡ್ಡದು. ಆಗ ಪ್ರತಿ ತಾಲ್ಲೂಕಿನ ದಾಖಲೆ ಆಯಾ ತಾಲ್ಲೂಕಿನ ಸರ್ವರಿನಲ್ಲೇ ಕೂತಿತ್ತು. ದಾಖಲೆಯೆಲ್ಲ ಒಂದೆಡೆ ಸೇರಿದ್ದೂ, ರಾಜ್ಯದ ಕಚೇರಿಗಳಿಗೆಂದೇ ಕೆಸ್ವಾನ್ ಎಂಬ ಸ್ವಂತ ಜಾಲ ಬಂದದ್ದೂ ಆಮೇಲೆ.

ಸರಕಾರಕ್ಕೆ ಸ್ವಂತ ರಸ್ತೆ ಸಿಕ್ಕಿತು, ಸರಿ. ಮೂರು ಶಾಖೆಯ ಪತ್ತಿನ ಸಹಕಾರ ಸಂಘಕ್ಕೆ, ಬೀಜ–ಗೊಬ್ಬರದ ವ್ಯಾಪಾರಿಗೆ, ತೊಗರಿಬೇಳೆ ಮಿಲ್ಲಿಗೆ? ಲೀಸ್ಡ್ ಲೈನಿನ ಬಾಡಿಗೆ ಕೇಳಿ ಅವರು ಚಹಾ ಕುಡಿಸಿ ನಮ್ಮನ್ನು ಕಳಿಸಿಬಿಡುತ್ತಿದ್ದರು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಡೇಟಾಒನ್ ಹೆಸರಿನಲ್ಲಿ ಬ್ರಾಡ್‌ಬ್ಯಾಂಡ್ ಶುರು ಮಾಡಿತು. ಮೆಲ್ಲಗೆ ಅದು ನಮ್ಮ ಊರುಗಳಿಗೂ ಬಂತು. ಇದ್ದ ಫೋನ್ ತಂತಿಯ ಮೇಲೇ ಇಂಟರ್ನೆಟ್ಟು. ತಿಂಗಳ ಬಾಡಿಗೆ ಕೈಗೆಟುಕುವಷ್ಟು. ಆದರೆ ಅದು ಎಲ್ಲರೂ ಓಡಾಡುವ ರಸ್ತೆ. ಅದರ ಮೇಲೆ ಜನರ ಠೇವಣಿ ಲೆಕ್ಕವನ್ನು ಬಿಚ್ಚಿಟ್ಟು ಕಳಿಸುವುದು ಹೇಗೆ? ನಮ್ಮ ಕಸುಬಿನ ಆರಂಭ ಈ ಪ್ರಶ್ನೆ.

ಟನಲ್ ಎಂದಾಗ ಬೀದರದವರಿಗೆ ಥಟ್ಟನೆ ನೆನಪಾಗುವುದು ನೌಬಾದಿನ ಸುರಂಗ ಬಾವಿ. ಬಹಮನಿಗಳ ಕಾಲದಲ್ಲಿ ಇರಾನಿನ ಮಾದರಿಯಲ್ಲಿ ಕೆಂಪು ಜಂಬಿಟ್ಟಿಗೆಯನ್ನು ಕೊರೆದು ನೆಲದಡಿ ನೀರು ಹರಿಸಿದ ಕರೇಜ್ ಅದು. ಗಿರಾಕಿಗಳಿಗೆ ನಮ್ಮವರು ಅದನ್ನೇ ಉದಾಹರಿಸುತ್ತಿದ್ದರು. ನನಗೆ ಆ ಉದಾಹರಣೆ ಎಂದೂ ಒಪ್ಪಿಗೆಯಾಗಲಿಲ್ಲ. ಕರೇಜಿನ ನೀರು ನೆಲದಡಿ ತನ್ನದೇ ದಾರಿಯಲ್ಲಿ ಹರಿಯುತ್ತದೆ. ವಿಪಿಎನ್‌ಗೆ ಸ್ವಂತ ದಾರಿ ಎಂಬುದೇ ಇಲ್ಲ. ಅದು ಎಲ್ಲರ ಎದುರಿಗೇ ಪರರ ರಸ್ತೆಯಲ್ಲಿ ಹೋಗಬೇಕು. ಸರಿಯಾದ ಹೋಲಿಕೆ ನನಗೆ ಸಿಕ್ಕಿದ್ದು ಭಾಲ್ಕಿಯಲ್ಲಿ.

ನಿಜಾಮರ ಆಳ್ವಿಕೆಯಲ್ಲಿ ಕಚೇರಿಯ ಭಾಷೆ ಉರ್ದು, ಶಾಲೆಯ ಭಾಷೆಯೂ ಉರ್ದು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿಸಿ, ಒಳಗೆ ಕನ್ನಡ ಪಾಠ ನಡೆಸಿದರು. 1890ರಲ್ಲಿ ಕಮಲನಗರದಲ್ಲಿ ಹುಟ್ಟಿ 1999ರವರೆಗೆ ಬಾಳಿದ ಅವರ ಈ ಕಥೆ ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಎಲ್ಲರಿಗೂ ಗೊತ್ತು. ಕಮಲನಗರ ಆಗ ಔರಾದ ತಾಲ್ಲೂಕಿನ ಊರು, ಈಗ ಅದೇ ಒಂದು ತಾಲ್ಲೂಕು. ವಿಪಿಎನ್ ಮಾಡುವುದೂ ಇಷ್ಟೇ. ಔರಾದದ ಕಂಪ್ಯೂಟರಿನಿಂದ ಬೀದರದ ಸರ್ವರಿಗೆ ಹೊರಟ ಪ್ರತಿ ತುಣುಕು ಮಾಹಿತಿಯನ್ನು ಗುಪ್ತಲಿಪಿಗೆ ತಿರುಗಿಸಿ, ಇನ್ನೊಂದು ತುಣುಕಿನ ಹೊಟ್ಟೆಯೊಳಗೆ ಇಟ್ಟು, ಮೇಲೆ ರಸ್ತೆಯವರಿಗೆ ಅರ್ಥವಾಗುವ ವಿಳಾಸ ಬರೆಯುತ್ತದೆ. ರಸ್ತೆಯವರು ಬೋರ್ಡು ಓದುತ್ತಾರೆ, ಮುಂದೆ ಕಳಿಸುತ್ತಾರೆ. ಯಾರಿಂದ ಯಾರಿಗೆ, ಎಷ್ಟು ಹೊತ್ತಿಗೆ, ಎಷ್ಟು ಗಾತ್ರ ಎನ್ನುವುದು ಅವರಿಗೆ ತಿಳಿಯುತ್ತದೆ. ಒಳಗಿನ ಪಾಠ ತಿಳಿಯುವುದಿಲ್ಲ. ಸಂಘದ ಹಿರಿಯ ನಿರ್ದೇಶಕರೊಬ್ಬರಿಗೆ ಹೀಗೆ ಹೇಳಿದಾಗ ಅವರು ಒಂದೇ ಪ್ರಶ್ನೆ ಕೇಳಿದರು: “ಇನ್‌ಸ್ಪೆಕ್ಟರ್ ಒಳಗ ಬಂದ್ರ?” ಅದಕ್ಕೆ ಉತ್ತರ ಕೀಲಿಯಲ್ಲಿದೆ; ಅಲ್ಲಿಗೆ ಆಮೇಲೆ ಬರುತ್ತೇನೆ.

ಇಲ್ಲಿ ಒಂದು ಗೊಂದಲವನ್ನೂ ಬಿಡಿಸಬೇಕು. ದೂರವಾಣಿ ಕಂಪನಿಗಳು ವಿಪಿಎನ್ ಎಂದು ಮಾರುವ ಎಂಪಿಎಲ್‌ಎಸ್ ಸಂಪರ್ಕ ಬೇರೆ ಜಾತಿಯದು. ಅಲ್ಲಿ ನಿಮ್ಮ ಮಾಹಿತಿಗೆ ಚೀಟಿ ಅಂಟಿಸಿ ಪ್ರತ್ಯೇಕ ಸಾಲಿನಲ್ಲಿ ಕಳಿಸುತ್ತಾರೆ. ಸಾಲು ಬೇರೆ ನಿಜ, ಆದರೆ ಪೆಟ್ಟಿಗೆಗೆ ಬೀಗ ಇರುವುದಿಲ್ಲ. ಅನೇಕ ಶಾಖೆಗಳವರು ಇದನ್ನು ಕೊಂಡು ಬೀಗವೂ ಬಿತ್ತು ಎಂದುಕೊಂಡರು.

ಬೀಗದ ತಂತ್ರಾಂಶಗಳು ಹುಟ್ಟಿದ್ದು ದೂರದಲ್ಲಿ. ಐಪಿಸೆಕ್ ಎಂಬ ಕಟ್ಟಳೆಗಳು ಮೊದಲು ಪ್ರಕಟವಾದದ್ದು 1995ರಲ್ಲಿ. ಅದನ್ನು ಲಿನಕ್ಸಿಗೆ ತರಲು ಅಮೆರಿಕದ ಜಾನ್ ಗಿಲ್ಮೋರ್ 1996ರಲ್ಲಿ ಫ್ರೀಸ್ವಾನ್ ಎಂಬ ಕೆಲಸ ಶುರು ಮಾಡಿಸಿದರು. ಗುಪ್ತಲಿಪಿಯ ತಂತ್ರಾಂಶ ರಫ್ತು ಮಾಡಲು ಅಮೆರಿಕದ ಕಾನೂನು ಅಡ್ಡ ಇದ್ದುದರಿಂದ ಕೋಡನ್ನು ಅಮೆರಿಕದವರು ಯಾರೂ ಬರೆಯಕೂಡದೆಂದು ಅವರೇ ನಿಯಮ ಹಾಕಿಕೊಂಡಿದ್ದರು! ಇಂಟರ್ನೆಟ್ಟಿನ ಮಾತನ್ನೆಲ್ಲ ಗುಪ್ತವಾಗಿಸುವ ಅವರ ಕನಸು 2004ರಲ್ಲಿ ನಿಂತುಹೋಯಿತು. ಅದರ ಮಕ್ಕಳು ಸ್ಟ್ರಾಂಗ್‌ಸ್ವಾನ್, ಓಪನ್‌ಸ್ವಾನ್ ಬದುಕಿದವು. ವಿಂಡೋಸಿನ ಜೊತೆ ಬಿಟ್ಟಿಯಾಗಿ ಬರುತ್ತಿದ್ದ ಪಿಪಿಟಿಪಿಯಲ್ಲಿ ಹುಳುಕಿದೆ ಎಂದು ಬ್ರೂಸ್ ಶ್ನಾಯರ್ ಮತ್ತು ಮಡ್ಜ್ 1998ರಲ್ಲೇ ತೋರಿಸಿದ್ದರೂ, ಎರಡು ಕ್ಲಿಕ್ಕಿನಲ್ಲಿ ಮುಗಿಯುತ್ತದೆಂದು ನಮ್ಮ ಊರಿನವರು ಬಹಳ ಕಾಲ ಅದನ್ನೇ ಹಾಕುತ್ತಿದ್ದರು. ನಮಗೆ ಒದಗಿದ್ದು ಓಪನ್‌ವಿಪಿಎನ್. ಜೇಮ್ಸ್ ಯೋನನ್ ಎಂಬುವರು ಮಧ್ಯ ಏಷ್ಯಾದಲ್ಲಿ ಸುತ್ತಾಡುತ್ತ ಅಮೆರಿಕದ ತಮ್ಮ ಕಚೇರಿಗೆ ಇಂಟರ್ನೆಟ್ಟಿನ ಮೂಲಕ ಸಂಪರ್ಕ ಇಟ್ಟುಕೊಂಡಿದ್ದರು. ತಮ್ಮ ಮಾಹಿತಿ ಯಾವ ಯಾವ ದೇಶದ ಯಾರ ಯಾರ ತಂತಿಯಲ್ಲಿ ಹಾಯುತ್ತದೋ ಎಂಬ ದಿಗಿಲಿನಿಂದ ತಮಗೆಂದು ಬರೆದುಕೊಂಡ ತಂತ್ರಾಂಶ ಅದು. ಮೊದಲ ಆವೃತ್ತಿ 2001ರ ಮೇ ತಿಂಗಳಲ್ಲಿ ಹೊರಬಂತು. ಪರರ ತಂತಿಯ ಭಯದಿಂದ ಹುಟ್ಟಿದ್ದು ಪರರ ತಂತಿಯೇ ಗತಿಯಾಗಿದ್ದ ನಮಗೆ ಸರಿಹೊಂದಿತು.

ಲಿನಕ್ಸ್ ನಮ್ಮ ಊರಿಗೆ ಬಂದದ್ದು ಪತ್ರಿಕೆಗಳ ಜೊತೆ ಅಂಟಿಕೊಂಡು. ಪಿಸಿಕ್ವೆಸ್ಟ್ ಪತ್ರಿಕೆ ಲಿನಕ್ಸಿನ ಸಿಡಿ ಕೊಡುತ್ತಿತ್ತು. 2003ರಲ್ಲಿ ಲಿನಕ್ಸ್ ಫಾರ್ ಯೂ ಪತ್ರಿಕೆಯೂ ಶುರುವಾಯಿತು. ಬೀದರದ ಗುರುನಾನಕ ದೇವ ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಆ ಸಿಡಿಗಳನ್ನು ಕೈಯಿಂದ ಕೈಗೆ ದಾಟಿಸಿ ಗೀರು ಬೀಳಿಸಿ ಕೊಡುತ್ತಿದ್ದರು. ಹಳೆ ಪೆಂಟಿಯಮ್ ಡಬ್ಬಕ್ಕೆ ಎರಡು ನೆಟ್‌ವರ್ಕ್ ಕಾರ್ಡು ಸಿಕ್ಕಿಸಿ, ಮಾನಿಟರ್ ಕಿತ್ತು, ಅಟ್ಟದ ಮೇಲೆ ಇಟ್ಟರೆ ಶಾಖೆಯ ಗೇಟ್‌ವೇ ಸಿದ್ಧ. ಮಾನಿಟರ್ ಇಲ್ಲದ ಯಂತ್ರ. ಆದ್ದರಿಂದ ಎಲ್ಲ ಕೆಲಸ ಬೀದರದಲ್ಲಿ ಕೂತು ಎಸ್‌ಎಸ್‌ಎಚ್ ಮೂಲಕ, ಕಪ್ಪು ಪರದೆಯ ಮೇಲೆ, ಅಕ್ಷರ ಹೊಡೆದು. ಕಮಾಂಡ್ ಲೈನನ್ನು ನಾವು ಪಾಂಡಿತ್ಯ ತೋರಿಸಲು ಹಿಡಿಯಲಿಲ್ಲ. ಚಿತ್ರದ ಪರದೆಯನ್ನು ಎಳೆದು ತರುವಷ್ಟು ದಪ್ಪದ ಲೈನೇ ಔರಾದಕ್ಕೆ ಇರಲಿಲ್ಲ. ಮಳೆಗಾಲದಲ್ಲಿ ಜಾಯಿಂಟಿಗೆ ನೀರು ಇಳಿದು ಲೈನು ತೊದಲುವಾಗಲೂ ಅಕ್ಷರಗಳು ಒಂದೊಂದಾಗಿ ಬಂದು ಸೇರುತ್ತಿದ್ದವು.

ಮೊದಲ ತೊಡಕು ಗುಪ್ತಲಿಪಿಯದಲ್ಲ, ವಿಳಾಸದ್ದು. ಪೆಟ್ಟಿಗೆಯಿಂದ ತೆಗೆದ ಪ್ರತಿ ಡಿಎಸ್‌ಎಲ್ ಮೋಡೆಮ್ಮೂ ತನ್ನನ್ನು 192.168.1.1 ಎಂದು ಕರೆದುಕೊಳ್ಳುತ್ತಿತ್ತು. ಬೀದರ, ಭಾಲ್ಕಿ, ಔರಾದ ಮೂರೂ ಕಡೆ ಒಂದೇ ನಂಬರು. ಜೋಡಿಸಿದರೆ ಯಾರು ಯಾರೆಂದು ಯಂತ್ರಕ್ಕೆ ತಿಳಿಯದು. ಅದಕ್ಕೆ ನಮ್ಮ ಗುಂಪು ಎಸ್‌ಟಿಡಿ ಕೋಡಿನ ಕೊನೆಯ ಎರಡು ಅಂಕಿ ಹಿಡಿಯಿತು. ಬೀದರಕ್ಕೆ 192.168.82, ಭಾಲ್ಕಿಗೆ 84, ಔರಾದಕ್ಕೆ 85. ಯಾವ ಯಂತ್ರದ ವಿಳಾಸ ಕಂಡರೂ ಊರು ತಿಳಿಯುತ್ತಿತ್ತು. ಇಂದಿಗೂ ಕೆಲವು ಅಂಗಡಿಗಳ ಪ್ರಿಂಟರುಗಳು ಈ ನಂಬರುಗಳಲ್ಲೇ ಬದುಕುತ್ತಿವೆ. ಏಕೆ ಈ ನಂಬರು ಎಂದು ಈಗ ಅಲ್ಲಿ ಕೂತ ಹುಡುಗನಿಗೆ ಗೊತ್ತಿರಲಾರದು.

ಮುಂದಿನದು ಒಂದು ಪುಟದ ಫೈಲು. ಸರ್ವರಿನಲ್ಲಿ ಇಟಿಸಿ ಡೈರೆಕ್ಟರಿಯೊಳಗೆ ಓಪನ್‌ವಿಪಿಎನ್ ಎಂಬ ಫೋಲ್ಡರು, ಅದರಲ್ಲಿ ಸರ್ವರ್ ಡಾಟ್ ಕಾನ್ಫ್. ಪೋರ್ಟ್ 1194, ಪ್ರೋಟೋ ಯುಡಿಪಿ, ಡೆವ್ ಟುನ್, ಆಮೇಲೆ ಯಾರು ಯಾರೆಂದು ಗುರುತು ಹೇಳುವ ಪ್ರಮಾಣಪತ್ರಗಳ ಹೆಸರು, ಸುರಂಗದೊಳಗಿನ ವಿಳಾಸ 10.8.0.0. ಕೀಪ್‌ಅಲೈವ್ 10 120 ಎಂಬ ಸಾಲು ನನಗೆ ಬಹಳ ಇಷ್ಟ: ಹತ್ತು ಸೆಕೆಂಡಿಗೊಮ್ಮೆ ಆಚೆಯವನನ್ನು ಇದ್ದೀಯಾ ಎಂದು ಕೇಳು, ಎರಡು ನಿಮಿಷ ಉತ್ತರ ಬಾರದಿದ್ದರೆ ಸತ್ತನೆಂದು ತಿಳಿದು ಹೊಸದಾಗಿ ಕೂಗು. ಕರೆಂಟು ಹೋಗಿ ಬರುವ ಊರಿಗೆ ಹೇಳಿ ಮಾಡಿಸಿದ ಸಾಲು. ಸರ್ವಿಸ್ ಓಪನ್‌ವಿಪಿಎನ್ ಸ್ಟಾರ್ಟ್ ಎಂದು ಹೊಡೆದರೆ ಡೀಮನ್ ತೆರೆಯ ಹಿಂದೆ ಹೋಗಿ ಕೂರುತ್ತದೆ. ಯಾರೂ ಲಾಗಿನ್ ಆಗದಿದ್ದರೂ, ಅಂಗಡಿ ಬಾಗಿಲು ಹಾಕಿದ್ದರೂ ಅದರ ಕೆಲಸ ನಡೆಯುತ್ತಿರುತ್ತದೆ. ಅದು ಏನು ಮಾಡುತ್ತಿದೆ ಎಂದು ತಿಳಿಯುವ ಕಿಟಕಿ ಲಾಗ್ ಫೈಲು ಒಂದೇ. ಅದರ ಕೊನೆಯ ಸಾಲುಗಳನ್ನು ತೋರಿಸುವ ಟೇಲ್ ಕಮಾಂಡ್ ಹಚ್ಚಿ ಕಾಯುತ್ತ ಕೂತರೆ ಕೊನೆಗೆ ‘ಇನಿಶಿಯಲೈಸೇಷನ್ ಸೀಕ್ವೆನ್ಸ್ ಕಂಪ್ಲೀಟೆಡ್’ ಎಂಬ ಸಾಲು ಬರಬೇಕು. ಬಂದರೆ ಚಹಾ. ಬಾರದೆ ‘ಟಿಎಲ್‌ಎಸ್ ಕೀ ನೆಗೋಸಿಯೇಷನ್ ಫೇಲ್ಡ್’ ಎಂದು ಬಂದರೆ ನಡುವೆ ಎಲ್ಲೋ ಯುಡಿಪಿಗೆ ತಡೆ ಬಿದ್ದಿದೆ ಎಂದರ್ಥ. ಇಂಗ್ಲಿಷಿನಲ್ಲಿ ಒಂದು ವಾಕ್ಯ ಬರೆಯಲು ತಡವರಿಸುವ ಹುಡುಗರೂ ಈ ಸಾಲುಗಳನ್ನು ಪೂಜೆಯ ಮಂತ್ರದಂತೆ ಬಾಯಿಪಾಠ ಮಾಡಿಕೊಂಡಿದ್ದರು.

ಔರಾದದಿಂದ ಬರುತ್ತಿದ್ದ ಫೋನುಗಳಲ್ಲಿ ಎರಡು ರೋಗಗಳು ಪದೇ ಪದೇ ಕಾಣುತ್ತಿದ್ದವು. ಒಂದು, “ಅಣ್ಣೋರ, ಪಿಂಗ್ ಬರ್ತದ, ಲೆಡ್ಜರ್ ತೆರೀವಲ್ದು.” ಸಣ್ಣ ತುಣುಕು ದಾಟುತ್ತದೆ, ದೊಡ್ಡದು ಸಿಕ್ಕಿಬೀಳುತ್ತದೆ. ಡಿಎಸ್‌ಎಲ್ ಲೈನಿನಲ್ಲಿ ಒಂದು ತುಣುಕಿನ ಗರಿಷ್ಠ ಗಾತ್ರ ಸಾಮಾನ್ಯವಾಗಿ 1492 ಬೈಟು. ಅದರೊಳಗೆ ಸುರಂಗದ ಹೊದಿಕೆಯೂ ಸೇರಬೇಕು. ಒಡೆಯಬೇಡ ಎಂದು ಹೇಳಿ ಬೇರೆ ಬೇರೆ ಗಾತ್ರದ ಪಿಂಗ್ ಕಳಿಸಿ, ಎಲ್ಲಿ ಸಿಕ್ಕಿಬೀಳುತ್ತದೆ ನೋಡಿ, ಕಾನ್ಫಿಗ್‌ನಲ್ಲಿ ಎಂಎಸ್‌ಎಸ್‌ಫಿಕ್ಸ್ ಎಂಬ ಒಂದು ಸಾಲು ಇಳಿಸಿದರೆ ಲೆಡ್ಜರು ತೆರೆಯುತ್ತಿತ್ತು. ಎರಡನೆಯ ರೋಗ ಇನ್ನೂ ವಿಚಿತ್ರ. ಪ್ರಮಾಣಪತ್ರ ಇನ್ನೂ ಜಾರಿಗೆ ಬಂದಿಲ್ಲ ಎಂದು ಡೀಮನ್ ತಕರಾರು ಮಾಡುತ್ತಿತ್ತು. ಕಾರಣ, ಮದರ್‌ಬೋರ್ಡಿನ ಮೂರು ವೋಲ್ಟಿನ ಗುಂಡಿ ಬ್ಯಾಟರಿ ಸತ್ತಿರುತ್ತಿತ್ತು. ಕರೆಂಟು ಹೋಗಿ ಬಂದೊಡನೆ ಯಂತ್ರದ ಪಾಲಿಗೆ ಅದು ಹಿಂದಿನ ಶತಮಾನ. ಆಗಿನ್ನೂ ಹುಟ್ಟದ ಪ್ರಮಾಣಪತ್ರವನ್ನು ಅದು ನಂಬುವುದಾದರೂ ಹೇಗೆ? ಗಡಿಯಾರದ ಅಂಗಡಿಯಲ್ಲಿ ಸಿಗುವ ಬಿಲ್ಲೆಯೊಂದನ್ನು ಬದಲಿಸಿದರೆ ಗುಪ್ತಲಿಪಿಯ ಶಾಸ್ತ್ರವೆಲ್ಲ ಸರಿಹೋಗುತ್ತಿತ್ತು.

ಈಗ ಆ ನಿರ್ದೇಶಕರ ಪ್ರಶ್ನೆಗೆ, ಅಂದರೆ ಕೀಲಿಗೆ ಬರುತ್ತೇನೆ.

ಮಹಮೂದ್ ಗಾವಾನ ಬೀದರದ ಮದರಸಾ ಕಟ್ಟಿಸಿದ, 1472ರಲ್ಲಿ ಅದು ಮುಗಿಯಿತು ಎಂದು ಪ್ರವಾಸಿಗಳಿಗೆ ಗೈಡುಗಳು ಹೇಳುತ್ತಾರೆ. ಅವನು ಸತ್ತ ರೀತಿಯನ್ನು ನಮ್ಮ ಕಸುಬಿನ ಪ್ರತಿಯೊಬ್ಬನೂ ಮೊದಲ ದಿನವೇ ಕಲಿಯಬೇಕೆಂದು ನಾನು ಹೇಳುತ್ತೇನೆ. ಇರಾನಿನ ಗೀಲಾನ್ ಪ್ರಾಂತದಿಂದ ಬಂದು ಬಹಮನಿ ಸುಲ್ತಾನರ ಪ್ರಧಾನಿಯಾದವನು, ಪತ್ರ ಬರೆಯುವುದರಲ್ಲಿ ಅವನಿಗೆ ಸಮ ಇಲ್ಲ. ಅವನ ಪಾರಸಿ ಪತ್ರಗಳ ಸಂಗ್ರಹವೇ ರಿಯಾಜುಲ್ ಇನ್ಶಾ ಎಂದು ಉಳಿದಿದೆ. ಆಸ್ಥಾನದ ವಿರೋಧಿಗಳು ಅವನ ಮುದ್ರೆ ಕಾಯುವ ಗುಲಾಮನನ್ನು ಒಲಿಸಿಕೊಂಡು ಖಾಲಿ ಹಾಳೆಯ ಮೇಲೆ ಮುದ್ರೆ ಒತ್ತಿಸಿಕೊಂಡರು ಎಂದು ಇತಿಹಾಸಕಾರ ಫಿರಿಶ್ತಾ ಹೇಳುತ್ತಾನೆ. ಆ ಹಾಳೆಯಲ್ಲಿ ಒಡಿಶಾದ ರಾಜನಿಗೆ, ದಂಡೆತ್ತಿ ಬಾ ಎಂಬರ್ಥದ ಪತ್ರ ಬರೆದು ಸುಲ್ತಾನ ಮೂರನೆಯ ಮುಹಮ್ಮದನ ಕೈಗೆ ಮುಟ್ಟಿಸಿದರು. ಮುದ್ರೆ ತನ್ನದೇ, ಬರಹ ತನ್ನದಲ್ಲ ಎಂದು ಮುದುಕ ಎಷ್ಟು ಹೇಳಿದರೂ ಕೇಳುವವರಿರಲಿಲ್ಲ. 1481ರ ಏಪ್ರಿಲ್ 5ರಂದು ಅವನ ತಲೆ ಉರುಳಿತು. ಮರುವರ್ಷ ಸುಲ್ತಾನನೂ ತೀರಿಕೊಂಡ. ರಾಜ್ಯ ಹರಿದು ಹಂಚಿಹೋಗಲು ಹೆಚ್ಚು ಕಾಲ ಬೇಕಾಗಲಿಲ್ಲ.

ಓಪನ್‌ವಿಪಿಎನ್‌ನಲ್ಲಿ ಪ್ರತಿ ಶಾಖೆಗೂ ಒಂದು ಖಾಸಗಿ ಕೀ ಇರುತ್ತದೆ. ಎಲ್ಲಕ್ಕೂ ಮೇಲೆ ಆ ಪ್ರಮಾಣಪತ್ರಗಳಿಗೆ ಸಹಿ ಹಾಕುವ ಮೂಲ ಕೀ. ಗಾವಾನನ ಮುದ್ರೆ ಯಾವುದೋ ಅದೇ ಇದು. ಸರ್ವರು ಮುದ್ರೆಯನ್ನು ನೋಡುತ್ತದೆ, ಒತ್ತಿದವನ ಮುಖವನ್ನು ನೋಡುವುದಿಲ್ಲ. ನಾನು ಕಂಡ ಕಚೇರಿಗಳಲ್ಲಿ ಈ ಮೂಲ ಕೀ ಎಲ್ಲಿರುತ್ತಿತ್ತು? ಸರ್ವರಿನಲ್ಲೇ, ಅದೇ ಫೋಲ್ಡರಿನಲ್ಲಿ. ಇಲ್ಲವೇ ಟ್ಯಾಲಿ ಬ್ಯಾಕಪ್ಪು, ಮಗಳ ಮದುವೆಯ ಫೋಟೋಗಳ ಜೊತೆ ಒಂದೇ ಪೆನ್‌ಡ್ರೈವಿನಲ್ಲಿ. ಒಂದು ಕಡೆ ಮೂರು ಶಾಖೆಗೂ ಒಂದೇ ಕೀ ಹಾಕಿ, ಒಬ್ಬ ಬಂದರೆ ಇನ್ನೊಬ್ಬ ಬೀಳುತ್ತಾನೆಂದು ‘ಡೂಪ್ಲಿಕೇಟ್ ಸಿಎನ್’ ಎಂಬ ಸಾಲು ಸೇರಿಸಿ ಕೈತೊಳೆದುಕೊಂಡಿದ್ದರು. ಕೆಲಸ ಬಿಟ್ಟು ಹೈದರಾಬಾದಿಗೆ ಹೋದ ಗುಮಾಸ್ತನ ಲ್ಯಾಪ್‌ಟಾಪಿನಲ್ಲಿ ಆ ಕೀ ಹಾಗೇ ಇತ್ತು. ಅವನು ಒಳ್ಳೆಯವನಾದ್ದರಿಂದ ಏನೂ ಆಗಲಿಲ್ಲ. ಗಾವಾನನಿಗೆ ಇಲ್ಲದ ಒಂದು ಅನುಕೂಲ ನಮಗಿದೆ: ಕಳುವಾದ ಮುದ್ರೆಯನ್ನು ರದ್ದು ಮಾಡಬಹುದು. ಈಸಿ-ಆರ್‌ಎಸ್‌ಎ ಎಂಬ ಸಲಕರಣೆಯಲ್ಲಿ ರಿವೋಕ್ ಎಂದು ಹೊಡೆದು, ರದ್ದಾದವುಗಳ ಪಟ್ಟಿಯನ್ನು ಸರ್ವರಿಗೆ ತೋರಿಸಿದರೆ ಆ ಕೀಲಿ ಹಿಡಿದು ಬಂದವನಿಗೆ ಬಾಗಿಲು ತೆರೆಯುವುದಿಲ್ಲ. ಒಂದೇ ಕೀಯನ್ನು ಮೂವರಿಗೆ ಕೊಟ್ಟಿದ್ದರೆ ಮೂವರನ್ನೂ ಹೊರಗೆ ಹಾಕಬೇಕಾಗುತ್ತದೆ.

2014ರ ಏಪ್ರಿಲ್ 7ರಂದು ಹಾರ್ಟ್‌ಬ್ಲೀಡ್ ಎಂಬ ತೂತು ಬಯಲಾಯಿತು. ಓಪನ್‌ವಿಪಿಎನ್ ತನ್ನ ಗುಪ್ತಲಿಪಿಗೆ ನೆಚ್ಚಿಕೊಂಡಿದ್ದ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಎರಡು ವರ್ಷದಿಂದ ಇದ್ದ ಆ ದೋಷದಿಂದ ಸರ್ವರಿನ ನೆನಪಿನಲ್ಲಿದ್ದ ಕೀಲಿಯೇ ಸೋರಿಹೋಗಬಹುದಿತ್ತು. ತಂತ್ರಾಂಶ ಬದಲಿಸಿದರೆ ಸಾಲದು, ಕೀಲಿಗಳನ್ನೂ ಹೊಸದಾಗಿ ಎರಕ ಹೊಯ್ಯಬೇಕು. ಹೊಸ ಕೀಲಿಯನ್ನು ಹಳೆ ಸುರಂಗದಲ್ಲೇ ಕಳಿಸಬಾರದು. ಹಳೆ ಕೀಲಿ ಕದ್ದವನು ಹೊಸದನ್ನೂ ಓದುತ್ತಾನೆ. ಹೀಗಾಗಿ ಮತ್ತೆ ಬಸ್ಸು. ಕೀಲಿಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಕಂಡಕ್ಟರ್ ಕೈಗೆ ಕೊಡದೆ, ನಾವೇ ಜೇಬಿನಲ್ಲಿಟ್ಟುಕೊಂಡು ಸಂತಪೂರದ ಮೇಲೆ ಔರಾದಕ್ಕೆ ಹೋದೆವು.

ಆಮೇಲಿನ ಕಥೆ ಬೇಗ ಹೇಳಬಹುದು. ಈಸಿ-ಆರ್‌ಎಸ್‌ಎಯ ಹಳೆ ಆವೃತ್ತಿಯಲ್ಲಿ ಪ್ರಮಾಣಪತ್ರದ ಆಯುಸ್ಸು ತಾನಾಗಿಯೇ 3650 ದಿನ. 2008ರಲ್ಲಿ ಹಾಕಿ, ಕೀಲಿ ಬದಲಿಸದೆ ಬಿಟ್ಟಿದ್ದ ಸುರಂಗಗಳು 2018ರಲ್ಲಿ, ಯಾರೂ ಏನೂ ಮುಟ್ಟದೆ, ಒಂದು ಮುಂಜಾನೆ ಮುಚ್ಚಿಕೊಂಡವು. ಹಾಕಿದವರು ಪುಣೆ ಸೇರಿದ್ದರು, ಮೂಲ ಕೀಯ ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ. ಆ ವರ್ಷ ನಮಗೆ ಒಳ್ಳೆ ಸುಗ್ಗಿ! ಅಷ್ಟರಲ್ಲಿ 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಶಾಖೆಗಳು ತಂತಿ ಬಿಟ್ಟು ಸಿಮ್ ಹಿಡಿದಿದ್ದವು. ಔರಾದದಲ್ಲಿ ಫೋನು ಕೆಲವೊಮ್ಮೆ ಮಹಾರಾಷ್ಟ್ರದ ಟವರಿಗೆ ಜೋತುಬೀಳುತ್ತದೆ. ಸುರಂಗಕ್ಕೆ ಮಾತ್ರ ರಾಜ್ಯದ ಗಡಿಯ ಗೊಡವೆ ಇಲ್ಲ. ಮೊಬೈಲ್ ಜಾಲದಲ್ಲಿ ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕರಿಗೆ ಹಂಚುವುದರಿಂದ ಹೊರಗಿನಿಂದ ಶಾಖೆಯನ್ನು ಕರೆಯಲಾಗದು, ಶಾಖೆಯೇ ಹೆಡ್ಡಾಫೀಸನ್ನು ಕರೆಯಬೇಕು.

2020ರ ಮಾರ್ಚ್ 25ರಿಂದ ಕೊರೊನಾದಿಂದಾಗಿ ದೇಶಕ್ಕೆ ಬೀಗ ಬಿತ್ತು. ಮಾರ್ಚ್ 29ರಂದು ಲಿನಕ್ಸ್ 5.6 ಹೊರಬಂತು, ಅದರೊಳಗೆ ಜೇಸನ್ ಡೊನೆನ್‌ಫೆಲ್ಡ್ ಬರೆದ ವೈರ್‌ಗಾರ್ಡ್ ಇತ್ತು. ಏಪ್ರಿಲಿನಲ್ಲಿ ಬಂದ ಉಬುಂಟು 20.04ರಲ್ಲೂ ಅದನ್ನು ಸೇರಿಸಿದ್ದರು. ಸುಮಾರು 4,000 ಸಾಲಿನ ಕೋಡು, ಕರ್ನೆಲ್ಲಿನೊಳಗೇ ವಾಸ, ಪ್ರಮಾಣಪತ್ರಗಳ ಗೋಜಿಲ್ಲ. ಎರಡು ಕಡೆಯವರು ಒಬ್ಬರ ಸಾರ್ವಜನಿಕ ಕೀಲಿಯನ್ನು ಇನ್ನೊಬ್ಬರು ಬರೆದುಕೊಂಡರೆ ಮುಗಿಯಿತು. ಗುಮಾಸ್ತರು ಮನೆಯಿಂದಲೇ ಲೆಡ್ಜರು ತೆರೆಯಬೇಕಾದ ಆ ದಿನಗಳಲ್ಲಿ ಇದು ನಮ್ಮ ಕೈ ಹಿಡಿಯಿತು. ‘ಪರ್ಸಿಸ್ಟೆಂಟ್ ಕೀಪ್‌ಅಲೈವ್ 25’ ಎಂದು ಒಂದು ಸಾಲು ಬರೆದರೆ ಮೊಬೈಲ್ ಜಾಲದ ಬಾಗಿಲು ಮುಚ್ಚುವುದಿಲ್ಲ. ವೇಗದಲ್ಲಿ ಹಳೆಯದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಆದರೆ ಇದು ಮೌನಿ. ಗುರುತಿಲ್ಲದ ಕೀಲಿ ತಂದವನಿಗೆ ಉತ್ತರವನ್ನೇ ಕೊಡುವುದಿಲ್ಲ. ಭದ್ರತೆಗೆ ಅದು ಒಳ್ಳೆಯದು, ಕೆಟ್ಟಾಗ ಕಾರಣ ಹುಡುಕುವವನಿಗೆ ಕಷ್ಟ. ಡಬ್ಲ್ಯುಜಿ ಶೋ ಎಂದರೆ ಕೊನೆಯ ಹಸ್ತಲಾಘವ ಯಾವಾಗ ಆಯಿತು, ಎಷ್ಟು ಬೈಟು ಹೋಯಿತು ಬಂತು ಎಂದಷ್ಟೇ ತೋರಿಸುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಕೆಲಸಕ್ಕೆ ವೈರ್‌ಗಾರ್ಡ್ ಹಾಕಿ, ಹುಡುಗರಿಗೆ ಕಲಿಸಲು ಓಪನ್‌ವಿಪಿಎನ್ ಹಾಕಿ. ಗೊಣಗುವ ಲಾಗಿನಷ್ಟು ಒಳ್ಳೆಯ ಮೇಷ್ಟ್ರು ನಮಗೆ ಬೇರೆ ಸಿಗಲಿಲ್ಲ.

ಈಗ ಬೀದರದ ಯಾವ ಕಾಲೇಜು ಹುಡುಗನನ್ನು ಕೇಳಿದರೂ ವಿಪಿಎನ್ ಎಂದರೆ ಫೋನಿನಲ್ಲಿ ಒತ್ತುವ ಒಂದು ಗುಂಡಿ. ಬೇರೆ ದೇಶದಲ್ಲಿದ್ದೇನೆಂದು ತೋರಿಸುವ ಆ್ಯಪು. 2022ರ ಏಪ್ರಿಲ್ 28ರಂದು ಕೇಂದ್ರ ಸರಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನ ಇಂಥ ಸೇವೆ ಮಾರುವವರಿಗೆ: ಗಿರಾಕಿಗಳ ವಿವರವನ್ನು 5 ವರ್ಷ ಇಡಬೇಕು. ತಮ್ಮ ಶಾಖೆಗಳನ್ನು ತಾವೇ ಜೋಡಿಸಿಕೊಳ್ಳುವ ಕಂಪನಿಗಳ ವಿಪಿಎನ್‌ಗೆ ಅದು ಅನ್ವಯಿಸುವುದಿಲ್ಲ ಎಂದು ಆಮೇಲೆ ಸ್ಪಷ್ಟಪಡಿಸಿದರು. ಬಿಟ್ಟಿ ಆ್ಯಪು ಒತ್ತುವವನ ತಂತಿಯೂ ಅವನದಲ್ಲ, ಕೀಲಿಯೂ ಅವನದಲ್ಲ. ಅದನ್ನು ನಾನು ನಮ್ಮ ಕಸುಬಿಗೆ ಸೇರಿಸುವುದಿಲ್ಲ.

ನಮ್ಮ ಕಸುಬಿನ ದಾಖಲೆ ಇರುವುದು ಅಟ್ಟದ ಮೇಲಿನ ಸತ್ತ ಡಬ್ಬಗಳಲ್ಲಿ, ವಿಳಾಸಗಳನ್ನು ಬರೆದಿಟ್ಟ ಉದ್ದನೆಯ ನೋಟ್‌ಬುಕ್ಕುಗಳಲ್ಲಿ. ಗುಜರಿಯವನು ಕಿಲೋ ಲೆಕ್ಕದಲ್ಲಿ ಅವನ್ನು ಒಯ್ಯುತ್ತಿದ್ದಾನೆ. ಬೀದರ, ಭಾಲ್ಕಿ, ಔರಾದದ ಸಂಘಗಳವರು, ಅಂಗಡಿಯವರು, ಹಳೆ ಮೆಕ್ಯಾನಿಕ್ಕುಗಳು ದಯವಿಟ್ಟು ಆ ನೋಟ್‌ಬುಕ್ಕು, ಕಾನ್ಫಿಗ್ ಫೈಲು, ಲಾಗುಗಳನ್ನು ಹತ್ತಿರದ ಕಾಲೇಜಿನ ಕಂಪ್ಯೂಟರ್ ವಿಭಾಗಕ್ಕೆ ಕೊಡಿ. ಕೊಡುವ ಮುಂಚೆ ಡಾಟ್ ಕೀ ಎಂದು ಕೊನೆಗೊಳ್ಳುವ ಫೈಲುಗಳನ್ನು ಮಾತ್ರ ಅಳಿಸಿ ಕೊಡಿ.